ಸುಧಾನ ಕಂಪ್ಯೂಟರ್

ಸುಧಾ, ಆ ಕಂಪ್ಯೂಟರ್ ನಿನ್ನದೇ ಆಗಿತ್ತು. ನಿನಗೆಂದೇ ಕೊಂಡಿದ್ದೆ, ಕೊಡುತ್ತೇನೆಂದು ಮಾತೂ ಕೊಟ್ಟಿದ್ದೆ. ಆಮೇಲೆ ಇಡೀ ಬಳಗದ ಎದುರು ಹಾಗೆ ಹೇಳಿಯೇ ಇಲ್ಲ ಎಂದೆ. ಇಷ್ಟು ವರ್ಷ ನಮ್ಮವರ ಲೆಕ್ಕದಲ್ಲಿ ನೀನು ಸುಳ್ಳಿ, ನಿನ್ನ ಸೋದರಮಾವನಾದ ನಾನು ಸಜ್ಜನ.

ಹೈಸ್ಕೂಲಿನ ಸಂಸ್ಕೃತ ಮಾಸ್ತರನಾದ ನನಗೆ ಕಂಪ್ಯೂಟರಿನಲ್ಲಿ ಎಂಥ ಪಾಂಡಿತ್ಯವಿತ್ತೆಂದರೆ, ಮಳೆಗಾಲದಲ್ಲಿ ಅದಕ್ಕೆ ನೆಗಡಿಯಾಗುತ್ತದೆಯೇ ಎಂದು ದುರ್ಗದಬೈಲಿನ ಅಂಗಡಿಯವರನ್ನು ಗಂಭೀರವಾಗಿ ಕೇಳಿದ್ದೆ. ನೀನು ನಾಚಿ ನನ್ನ ಧೋತರದ ಅಂಚು ಜಗ್ಗಿದೆ. ನಿನಗಾಗ ಹನ್ನೊಂದು. ಗಣಿತದಲ್ಲಿ ವರ್ಗಕ್ಕೇ ಮೊದಲು ಬಂದಿದ್ದೆ. ಅದಕ್ಕೇ ಈ ಉಡುಗೊರೆ. ಟಿವಿಗೆ ಜೋಡಿಸುವ ಕೀಬೋರ್ಡು, ಅದರ ನೆತ್ತಿಗೆ ಸಿಕ್ಕಿಸುವ ಕ್ಯಾಸೆಟ್ಟು — ಹೊಸದಾಗಿ ಕಲಿಯುವ ಮಕ್ಕಳಿಗೆಂದು ಆ ದಿನಗಳಲ್ಲಿ ಬರುತ್ತಿದ್ದ ಪೆಟ್ಟಿಗೆ. ಬಂದೂಕಿನ ಆಟಗಳಿದ್ದ, ಬಣ್ಣಬಣ್ಣದ ಪೆಟ್ಟಿಗೆಗೆ ನಾನು ಆಗಲೇ ಮನಸೋತಿದ್ದೆ. ನೀನು ಅದರ ಪಕ್ಕದ ಸಾದಾ ಪೆಟ್ಟಿಗೆಯನ್ನು ತಿರುವಿ ತಿರುವಿ ನೋಡಿ ಅಂಗಡಿಯವರನ್ನು ಕೇಳಿದೆ:

“ಕಾಕಾ, ಇದರಾಗ ನಾ ಬರದದ್ದು ಟೀವ್ಯಾಗ ಕಾಣತದೇನ್ರಿ?”

“ಕಾಣತದವಾ. ಬಂದ್ ಮಾಡಿದ್ರ ಮಾತ್ರ ಎಲ್ಲಾ ಅಳಿಸಿ ಹೋಗತದ ನೋಡು.”

“ಹೋಗ್ಲೇಳ್ರಿ, ಮತ್ತ ಬರದ್ರಾತು.”

ಅದನ್ನೇ ಕೊಂಡೆವು. ಬಸ್ಸಿನಲ್ಲಿ ನೀನು ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. “ಇದು ನಿನಗ, ನಿನಗೊಬ್ಬಾಕಿಗೇ. ಆದ್ರ ನಿನ್ನ ತಮ್ಮನ ಮುಂಜಿವಿ ಮುಗಿಯೂತನಕ ಮನ್ಯಾಗ ಯಾರಿಗೂ ಹೇಳಬ್ಯಾಡ,” ಎಂದೆ. ನೀನು ಹೇಳಲಿಲ್ಲ. ಮಾತಿಗೆ ತಪ್ಪದೆ ಇದ್ದದ್ದೇ ನಿನಗೆ ಮುಳುವಾಯಿತು — ಸಾಕ್ಷಿಗೆ ಯಾರೂ ಉಳಿಯಲಿಲ್ಲ.

ಮುಂಜಿವೆಯಲ್ಲಿ ಸೋದರಮಾವನ ಉಡುಗೊರೆಯೆಂದರೆ ಬರಿಯ ಉಡುಗೊರೆಯಲ್ಲ. ಹಂದರದಲ್ಲಿ ಕೂತವರು ಅದರಿಂದ ಹೆಣ್ಣಿನ ತವರನ್ನೇ ತೂಗಿ ನೋಡುತ್ತಾರೆ. ಗೋಪನಕೊಪ್ಪದ ನಿಮ್ಮ ಮನೆಯಲ್ಲಿ ಆ ಬೆಳಿಗ್ಗೆ ನಿನ್ನ ದೊಡ್ಡಪ್ಪ ವಟುವಿಗೆ ಹೊಸ ಸೈಕಲ್ ಕೊಟ್ಟರು. ಅದರ ಬೆನ್ನಿಗೇ ನಾನು ಸಂಧ್ಯಾವಂದನೆಗೆಂದು ಬೆಳ್ಳಿಯ ಪಂಚಪಾತ್ರೆ ಕೊಟ್ಟೆ. ಅಂಗೈಯಷ್ಟಿತ್ತು.

“ಏನ್ರಿ ಮಾಸ್ತರ,” ಎಂದರು ದೊಡ್ಡಪ್ಪ, “ಹುಡುಗ ಇದರ ಮ್ಯಾಲೆ ಕೂತು ಸಾಲಿಗೆ ಹೋಗಬೇಕೇನ್ರಿ?”

ಹಂದರವೆಲ್ಲ ನಕ್ಕಿತು. ಅಕ್ಕ — ನಿನ್ನ ತಾಯಿ — ತಲೆ ತಗ್ಗಿಸಿದಳು. ನಾನು ಒಳಗೆ ಹೋದೆ. ಅಲ್ಲಿ ನನ್ನ ಚೀಲದಲ್ಲಿ ನಿನ್ನ ಪೆಟ್ಟಿಗೆಯಿತ್ತು. ತಂದು ನಿನ್ನ ತಮ್ಮನ ಕೈಗೆ ಕೊಟ್ಟೆ. “ಕಂಪ್ಯೂಟರ್ ಅಂತ್ರಿ!” ಎಂದು ಗುಜುಗುಜು ಎದ್ದಿತು. ಆ ಕ್ಷಣ ನನಗೆ — ಹೇಳಲು ನಾಚಿಕೆ — ಬಹಳ ಸುಖವಾಯಿತು.

ನೀನು ಆರತಿ ತಟ್ಟೆ ಹಿಡಿದು ನಿಂತಿದ್ದೆ. “ಮಾಮಾ, ಅದು ನಂದು. ನನಗ ಕೊಡತೇನಂತ ನೀನ ಅಂದಿದ್ದಿ.”

ಅಕ್ಕ ನನ್ನ ಕಡೆ ತಿರುಗಿದಳು. “ಖರೇನೋ ವಾಸು? ಆಕಿಗೆ ಹಂಗ ಹೇಳಿದ್ದೇನು?”

“ಛೇ, ನಾ ಯಾವಾಗ ಹೇಳಿದೆ? ಆರಿಸ್ಲಿಕ್ಕೆ ಕರಕೊಂಡು ಹೋಗಿದ್ದೆ, ಅಷ್ಟ.”

ಅಕ್ಕ ನಿನ್ನ ಕೆನ್ನೆಗೆ ಹೊಡೆದಳು. ನೀನು ಅಳಲಿಲ್ಲ. ನನ್ನನ್ನೇ ನೋಡುತ್ತ ನಿಂತೆ, ನಾನು ಇನ್ನೂ ಏನಾದರೂ ಹೇಳುವವನಿದ್ದೇನೆ ಎಂದು ಕಾಯುವವಳ ಹಾಗೆ. ಊಟಕ್ಕೆ ಎಲೆ ಹಾಕಿದ್ದರು — ನಾನು ಹೋಗಿ ಕೂತೆ.

ಅಂದಿನಿಂದ ಮನೆಯಲ್ಲಿ ಯಾರ ಮಾತು ನಂಬಿಕೆಗೆ ಬರದಿದ್ದರೂ “ಸುಧಾನ ಕಂಪ್ಯೂಟರ್” ಎನ್ನುವುದು ಗಾದೆಯಾಯಿತು. ಹಾಲು ಕುಡಿದು ಅಮಾಯಕನಂತೆ ಕೂತ ಬೆಕ್ಕಿಗೂ ಅದೇ ಬಿರುದು. ಗಾದೆ ಹುಟ್ಟಿಸಿದವನಿಗೆ ಇರಬೇಕಾದ ಅಭಿಮಾನದಿಂದ ನಾನೂ ನಗುತ್ತಿದ್ದೆ. ಕೆಲವು ಸಲ ಎಲ್ಲರಿಗಿಂತ ಮೊದಲು.

ಮದುವೆಯಾದ ಮೇಲಿನ ನಿನ್ನ ಮೊದಲ ದೀಪಾವಳಿಗೆ, ಮೊನ್ನೆ, ಅಳಿಯಂದಿರು ಬಂದಿದ್ದರು. ಶಂಕರಪಾಳಿ ನೀನೇ ಕರಿದದ್ದೆಂದು ಹೇಳಿದೆ. “ಖರೇನ, ಅಥವಾ ಇದೂ ಕಂಪ್ಯೂಟರೋ?” ಎಂದರು ಅವರು. ಒಳ್ಳೆಯ ಮನುಷ್ಯ, ಯಾರೋ ಕಲಿಸಿದ ಚೇಷ್ಟೆ. ಎಲ್ಲರೂ ನಕ್ಕರು. ನೀನೂ ನಕ್ಕೆ, ರೂಢಿಯಾದವರು ನಗುವ ಹಾಗೆ. ನನ್ನ ಸುಳ್ಳು ನಿನ್ನ ಸೆರಗು ಹಿಡಿದು ಕೆಲಗೇರಿಯ ನಿನ್ನ ಗಂಡನ ಮನೆಯನ್ನೂ ಹೊಕ್ಕಿದೆಯೆಂದು ಆಗ ತಿಳಿಯಿತು. ನಾಳೆ ಆ ಮನೆಯಲ್ಲಿ ನೀನು ನಿಜವಾದ ನೋವೊಂದನ್ನು ಹೇಳಿಕೊಂಡಾಗಲೂ ಯಾರಾದರೂ ಹೀಗೆಯೇ —

ಅಡಿಗೆಮನೆಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ತಾಟು ಒರೆಸುವುದನ್ನು ನಿಲ್ಲಿಸಲಿಲ್ಲ.

“ನನಗ ಅವತ್ತ ಗೊತ್ತಾಗಿತ್ತೋ ವಾಸು. ನಿನ್ನ ಮಾರಿ ನೋಡಿದ್ರ ತಿಳಿಯೂದಿಲ್ಲೇನು? ಅವರೆಲ್ಲಾರ ಮುಂದ ತವರಮನಿ ಮಾನ ಹೋಗತದಂತ... ಕೂಸಿಗೆ ಹೊಡದೆ.”

ತಾಯಿಯಾದರೂ ಪ್ರಾಮಾಣಿಕವಾಗಿ ತಪ್ಪು ತಿಳಿದಳು ಎಂಬ ಒಂದು ಸಮಾಧಾನವಿತ್ತು. ಅದೂ ಹೋಯಿತು. ನೀನು ನಿಜ ಹೇಳುತ್ತಿದ್ದೀ ಎಂದು ಆ ಹಂದರದಲ್ಲಿ ಇಬ್ಬರಿಗೆ ಗೊತ್ತಿತ್ತು. ನಿನಗೆ ಪೆಟ್ಟು ಕೊಟ್ಟವರೂ ಆ ಇಬ್ಬರೇ.

ರವಿವಾರ ಕೆಲಗೇರಿಗೆ ಬರುತ್ತೇನೆ. ಅಕ್ಕನೂ ಬರುತ್ತಾಳೆ. ಅಳಿಯಂದಿರನ್ನೂ ನಿನ್ನ ಅತ್ತೆ-ಮಾವನನ್ನೂ ಕೂಡ್ರಿಸಿ ಇದನ್ನೆಲ್ಲ ಹೇಳುತ್ತೇನೆ. ಚಹಾದ ನೆಪ ಮಾಡಿಕೊಂಡು ನೀನು ಒಳಗೆ ಹೋಗಬೇಡ. ನನ್ನನ್ನು ಕ್ಷಮಿಸಬೇಕೆಂದೂ ಇಲ್ಲ. ಕೇಳಿದವರಿಗೆ ನಗು ಬಂದರೆ, ಈ ಸಲ ನನ್ನ ಮುಖ ನೋಡಿ ನಗಲಿ.