ಒಳಸುತ್ತಿನ ಡೊಳ್ಳು

ಸಮೀರವಾಡಿ ಹತ್ತಿರದ ನಮ್ಮೂರಿನ ಗಿರಮಲ್ಲಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬೀರೇಶ್ವರನ ಗುಡಿಯ ಮುಂದೆ ಆಯುಷ್ಯವೆಲ್ಲ ಡೊಳ್ಳಿನ ಮೇಳ ನಡೆಸಿದವನು. ಮೊಣಕಾಲು ಹಿಡಿದುಕೊಂಡ ಮೇಲೆ ಮೇಳವನ್ನು ತಂಗಿಯ ಮಗ ದುಂಡೇಶನಿಗೆ ಒಪ್ಪಿಸಿ ಡೊಳ್ಳನ್ನು ಗೂಟಕ್ಕೆ ತೂಗುಹಾಕಿದ. ಹೆಂಡತಿ ಸುಂದರವ್ವ ಅದರ ಮೇಲೆ ಟವೆಲ್ಲು ಒಣಹಾಕಿದರೂ ಸುಮ್ಮನಿದ್ದ. ಆ ಸುಮ್ಮನಿರುವಿಕೆ ಕಂಡು ನನಗೆ ಸಂಕಟವಾಗುತ್ತಿತ್ತು.

ನಾನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. 2002ರ ವಿಜ್ಞಾನ ಪ್ರದರ್ಶನಕ್ಕೆ ಸೂರ್ಯ ತನ್ನ ಸುತ್ತ ತಾನೇ ತಿರುಗುವುದನ್ನು ಡೊಳ್ಳಿನವರಿಂದ ತೋರಿಸಬೇಕೆಂಬ ಹುಚ್ಚು ಹಿಡಿಯಿತು. ಮಕ್ಕಳು ಮಾಳಿಗೆಯಿಂದ ನೋಡಬೇಕು, ಕೆಳಗೆ ಮೂರು ಸುತ್ತಾಗಿ ಕುಣಿಯಬೇಕು. ಹೊರಸುತ್ತು ಸೂರ್ಯನ ನಡುಪಟ್ಟಿ, ಅದು ಬಿರುಸು. ಒಳಸುತ್ತು ಅವನ ನೆತ್ತಿ, ಧ್ರುವ, ಅದು ನಿಧಾನ. ನಡುಸುತ್ತು ಇವೆರಡರ ನಡುವಿನ ಭಾಗ. ಒಳಸುತ್ತಿಗೆ ಗಿರಮಲ್ಲಪ್ಪನೇ ಬೇಕೆಂದು ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ.

“ಕುಂಟಗ ಸಾವಕಾಶದ ಜಾಗಾ ತಂದೀರೇನ್ರಿ, ಅಕ್ಕೋರ?” ಎಂದ.

ನನಗೂ ಸಿಟ್ಟು ಬಂತು. “ಪೂರಾ ಕೇಳ್ರಿ. ಸೂರ್ಯಾನ ಒಳಗಿನ ವೇಗ ಒಂದಽ ಸಮ ಇರಂಗಿಲ್ಲ. ಒಂದೊಂದು ಪಟ್ಟಿ ಕೆಲವು ವರ್ಷ ತುಸು ಜೋರ ಆಗತೈತಿ, ಆಮ್ಯಾಲೆ ಮತ್ತ ಸಾವಕಾಶ ಆಗತೈತಿ. ಧ್ರುವದ ಕಡೆಗೂ ಹಂಗಽ.”

“ಒಳಗ ಹೊಕ್ಕು ನೋಡ್ಯಾರೇನ್ರಿ?”

“ಇಲ್ಲ. ಸೂರ್ಯಾನ ಮೈ ಡೊಳ್ಳಿನ ಚರ್ಮದ ಹಂಗ ನಡಗತೈತಿ. ಆ ನಡುಕ ಅಳದು ಒಳಗಿಂದು ತಿಳಕೊಂಡಾರ.”

ಅವನು ಎದ್ದು, ಟವೆಲ್ಲು ತೆಗೆದು, ಡೊಳ್ಳಿಗೆ ಒಂದು ಪೆಟ್ಟು ಕೊಟ್ಟ. “ಸಡ್ಲ ಆಗೇತಿ,” ಎಂದು ಹಗ್ಗ ಬಿಗಿಯತೊಡಗಿದ.

ಪ್ರದರ್ಶನದ ದಿನ ಹೊರಸುತ್ತಿನಲ್ಲಿ ದುಂಡೇಶನ ಹುಡುಗರು ಧೂಳೆಬ್ಬಿಸಿದರು. ಒಳಗೆ ಗಿರಮಲ್ಲಪ್ಪ ಇನ್ನಿಬ್ಬರು ಹಿರಿಯರೊಡನೆ ಕಾಲೆಳೆಯುತ್ತ ಸುತ್ತುತ್ತಿದ್ದ. ನಾನು ಯಾವ ಸುತ್ತಿನ ಕಡೆ ಕೈ ಎತ್ತುತ್ತೇನೋ ಆ ಸುತ್ತಿನವರು ತುಸು ಜೋರಾಗಬೇಕೆಂದು ಮಾತಾಗಿತ್ತು. ನಡುಸುತ್ತಿಗೆ ಕೈ ಎತ್ತಿದೆ. ಒಳಸುತ್ತಿನ ಸರದಿ ಬಂದಾಗ ಆ ಮೊಣಕಾಲು ನೋಡಿ ನನ್ನ ಕೈ ಏಳಲಿಲ್ಲ. ಅವನು ನನ್ನನ್ನೇ ದುರುಗುಟ್ಟಿ ನೋಡಿದ. ಆಮೇಲೆ ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ತಾನೇ ಜೋರಾದ. ಹುಡುಗರಷ್ಟಲ್ಲ, ತುಸುವೇ. ಒಂದು ಸುತ್ತು ಮುಗಿಸಿ ಮತ್ತೆ ನಿಧಾನಕ್ಕಿಳಿದ. ಮಾಳಿಗೆಯ ಮಕ್ಕಳು ಕೇಕೆ ಹಾಕಿದರು.

ಆಟ ಮುಗಿದ ಮೇಲೆ ಕುರ್ಚಿ ತಂದರೂ ಗಿರಮಲ್ಲಪ್ಪ ಕೂರಲಿಲ್ಲ. ಮೊಣಕಾಲು ತಿಕ್ಕಿಕೊಳ್ಳುತ್ತ ಕೇಳಿದ, “ಸೂರ್ಯಾ ಮತ್ತ ಯಾವಾಗ ಜೋರ ಆಗತಾನ್ರಿ?”

“ಹನ್ನೊಂದು ವರ್ಷಕ್ಕೊಮ್ಮೆ ಅಂತಾರ.”

“ಅಷ್ಟು ದಿನ ಕಾಯೂದು ನನ್ನ ಕಡೆ ಆಗಂಗಿಲ್ರಿ. ಮೇಳದ ಸೋಮವಾರದ ತಾಲೀಮಿಗೆ ಬರತೇನಿ ಅಂತ ದುಂಡೇಶಗ ಹೇಳ್ರಿ. ಒಳಸುತ್ತು ನಂದು.”