ಗೌರಿ ಹಬ್ಬದ ದಿನ ಬಂದ ನೀರಿನ ಸರದಿ

ಅಪ್ಪ ತೀರಿಕೊಂಡ ಮೇಲೆ ಪಾಂಡವಪುರದ ಹತ್ತಿರದ ನಮ್ಮ ಗದ್ದೆಯನ್ನು ಪಾಲು ಮಾಡುವ ಮಾತು ಬಂತು. ನಾವು ಮೂವರು: ಊರಲ್ಲೇ ಬೇಸಾಯ ಮಾಡಿಕೊಂಡಿರುವ ಅಣ್ಣ, ಅಕ್ಕಿಹೆಬ್ಬಾಳಿಗೆ ಮದುವೆಯಾಗಿ ಬಂದ ನಾನು, ಶ್ರೀರಂಗಪಟ್ಟಣದಲ್ಲಿ ಕೆಲಸದಲ್ಲಿರುವ ತಮ್ಮ. ನಮ್ಮ ಕಡೆಯ ರೂಢಿ ಎಲ್ಲರಿಗೂ ಗೊತ್ತಿದ್ದದ್ದೇ. ಹೆಣ್ಣುಮಗಳಿಗೆ ಒಂದು ಒಳ್ಳೆಯ ಸೀರೆ, ಅರಿಶಿನ ಕುಂಕುಮ ಕೊಡುತ್ತಾರೆ; ಅವಳು ನನಗೇನೂ ಬೇಡವೆಂದು ರುಜು ಹಾಕಿ, ಪಾಯಸ ಉಂಡು, ಬಸ್ಸು ಹತ್ತುತ್ತಾಳೆ. ನಾನು ರುಜು ಹಾಕಲಿಲ್ಲ. ಸೀರೆ ನಾನೇ ಕೊಂಡುಕೊಳ್ಳುತ್ತೇನೆ, ಗದ್ದೆ ಕೊಡಿ ಎಂದೆ.

ಆಸೆಬುರುಕಿ ಎಂದರು. ಅನ್ನಲಿ. ಲಂಗ ಎತ್ತಿ ಕಟ್ಟಿಕೊಂಡು ಅವ್ವನ ಪಕ್ಕದಲ್ಲಿ ನಾಟಿ ಹಾಕಿದ ಕೈ ಇದು. ನಾಟಿಗೆ ಮಗಳು, ಪಾಲಿಗೆ ಹೊರಗಿನವಳು ಅಂದರೆ ಯಾವ ನ್ಯಾಯ? ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರೆ. ಆ ಗಾದೆಯಲ್ಲೂ ನಮಗೆ ಜಾಗವಿಲ್ಲ.

ತಮ್ಮ ತಕರಾರಿಲ್ಲದೆ ಒಪ್ಪಿದ. ಅಣ್ಣ ಆಗಲ್ಲ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ತಾನೇ ನಿಂತು ಬದು ಹಾಕಿಸಿದ, ನಾನು ಕೇಳಿದ ಕೊನೆಯ ಗದ್ದೆಯನ್ನೇ ನನಗೆ ಬಿಟ್ಟ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ.

ಈ ವರ್ಷ ಕಾಲುವೆಗೆ ನೀರು ಬಿಟ್ಟಾಗ ನಾನೂ ನಮ್ಮ ಯಜಮಾನರೂ ಹೋಗಿ ನಾಟಿ ಹಾಕಿಸಿದೆವು. ಮಧ್ಯಾಹ್ನ ಊಟದ ಹೊತ್ತು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಾನು ಹುಟ್ಟಿದ ಮನೆ. ಕರೆಯದೆ ಹೋಗುವುದು ಹೇಗೆ? ಬಿಗುಮಾನ ನನಗೂ ಕಡಿಮೆಯಿಲ್ಲ. ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದೆ, ಅರ್ಧ ಮುದ್ದೆ ಉಂಡು ಮಿಕ್ಕಿದ್ದನ್ನು ಕಟ್ಟಿಟ್ಟೆ. ಸಂಜೆ ಹಾಗೇ ಬಸ್ಸು ಹತ್ತಿ ಬಂದೆವು.

ಆಮೇಲೆ ಗೌರಿ ಹಬ್ಬ ಬಂತು. ಮದುವೆಯಾದಾಗಿನಿಂದ ಹಬ್ಬದ ಬಾಗಿನವನ್ನು ಅಣ್ಣನೇ ತರುತ್ತಿದ್ದ. ನಾವು ತಿಂಡಿಗೆ ಕೂರುವಷ್ಟರಲ್ಲಿ ಅವನ ಬೈಕಿನ ಸದ್ದು ಕೇಳಿಸುತ್ತಿತ್ತು. ಈ ಸಲ ತಿಂಡಿಯಾಯಿತು, ಪೂಜೆಯಾಯಿತು, ಒಬ್ಬಟ್ಟು ಆರಿ ತಣ್ಣಗಾಯಿತು. ಬಾಗಿನ ಬರಲಿಲ್ಲ ಅಂದರೆ ತವರು ಮುಗಿಯಿತು ಅಂತಲೇ ಅರ್ಥ. ಬರುತ್ತಾನೆ ಬಿಡು ಎಂದು ನಮ್ಮತ್ತೆ ಹೇಳಿದ್ದನ್ನೇ ಹೇಳುತ್ತಿದ್ದರು. ಮೊದಲು ಸಿಟ್ಟು ಬಂತು. ಹೊತ್ತು ಇಳಿಯುತ್ತಾ ಬಂದ ಹಾಗೆ, ಗದ್ದೆ ಪಡೆದು ಅಣ್ಣನನ್ನು ಕಳೆದುಕೊಂಡೆನಲ್ಲ ಅನ್ನಿಸಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಹಸು ಕರೆಯುವ ಹೊತ್ತಿಗೆ ಬೈಕು ಬಂತು. ಹಬ್ಬದ ಬಿಳಿ ಪಂಚೆ ಎತ್ತಿ ಕಟ್ಟಿದ್ದ, ಮೊಣಕಾಲವರೆಗೂ ಕೆಸರು. ಹಿಂದಿನ ಸೀಟಿಗೆ ಬಾಗಿನದ ಮೊರಗಳನ್ನು ಹಗ್ಗದಲ್ಲಿ ಬಿಗಿದಿದ್ದ.

"ಈಗ ಬೆಳಗಾಯ್ತಾ ನಿಂಗೆ?" ಎಂದೆ. ಅಷ್ಟು ತಿಂಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಅದು.

ಅವನು ಹೊರಗಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಾ ಹೇಳಿದ: "ನಿನ್ ಗದ್ದೆ ಸರದಿ ಇವತ್ತೇ ಬಂದ್ಬುಡ್ತು ಕಣವ್ವ. ಕೊನೆ ಗದ್ದೆ, ನೀರು ಬರೋದೇ ನಿಧಾನ. ಬುಟ್ಬುಟ್ಟು ಬಂದಿದ್ರೆ ಮೇಲ್ಗಡೆಯವ್ರು ತಿರುಗುಸ್ಕೊಬುಡೋರು."

ಬೆಳಗಿನಿಂದ ನನ್ನ ಗದ್ದೆಯ ತೂಬಿನ ಬಳಿ ಗುದ್ದಲಿ ಹಿಡಿದು ಕಾದಿದ್ದ. ಬೈಯಲು ಕೂಡಿಟ್ಟಿದ್ದ ಮಾತೆಲ್ಲ ಮರೆತೇ ಹೋಯಿತು. ಸೆರಗೊಡ್ಡಿ ಬಾಗಿನ ತೆಗೆದುಕೊಂಡೆ, ಅವನ ಒದ್ದೆ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಹಸಿದಿದ್ದ ಪಾಪ, ತಣ್ಣಗಾದ ಒಬ್ಬಟ್ಟನ್ನೇ ತುಪ್ಪ ಹಾಕಿಸಿಕೊಂಡು ತಿಂದ.

ಹೊರಡುವಾಗ ಬೈಕ್ ಸ್ಟಾರ್ಟ್ ಮಾಡಿ, ನನ್ನ ಮುಖ ನೋಡದೆ ಹೇಳಿದ: "ಮುಂದಿನ್ ಸರದಿಗೆ ನೀನೇ ಬಾ. ಬದಿನ್ ಮೇಲೆ ಕೂತ್ಕಂಡು ಬುತ್ತಿ ಉಣ್ಬೇಡ. ಅವತ್ತು ನಿಮ್ಮತ್ಗೆ ನೋಡ್ಬುಟ್ಟು ಅತ್ಲು."

ನಮ್ಮತ್ತಿಗೆ ಸುಲಭಕ್ಕೆ ಅಳುವವಳಲ್ಲ. ನಾಟಿಯ ದಿನ ಅವಳು ನಾಗಮಂಗಲದ ತನ್ನ ತವರಿಗೆ ಹೋಗಿದ್ದಳು ಎಂದು ನಾಟಿಗೆ ಬಂದ ಹೆಂಗಸರು ಅವತ್ತೇ ನನಗೆ ಹೇಳಿದ್ದರು.