ನಾಲ್ಕೂಮುಕ್ಕಾಲಿನ ಬಿಲಹರಿ

ಕತ್ತಲಲ್ಲಿ ಮೂರು ಫೋನುಗಳು ಒಟ್ಟಿಗೆ ಕೂಗಿಕೊಂಡವು. ಮೂರರದ್ದೂ ಒಂದೇ ಸದ್ದು. ಅಂಗಡಿಯಿಂದ ತಂದಾಗಲೇ ಫೋನಿನೊಳಗೆ ಇರುತ್ತದಲ್ಲ, ಆ ಟಿಣಿಟಿಣಿ. ನನ್ನದು ಯಾವುದು ಅಂತ ತಿಳಿಯದೆ ಕೈ ಚಾಚಿದೆ. ಸಿಕ್ಕಿದ್ದು ಬೇರೆ ಯಾರದೋ ಫೋನು. ಗಾಜಿನ ಮೇಲೆಲ್ಲ ತಲೆಯೆಣ್ಣೆಯ ಜಿಡ್ಡು, ಅದಕ್ಕೆ ಅಂಟಿದ ಉದ್ದನೆಯ ಕೂದಲು. ಕೂದಲು ನನ್ನ ಬೆರಳಿಗೆ ಸುತ್ತಿಕೊಂಡಿತು. ಗೋಡೆಗೆ ಒರೆಸಲು ಹೋದರೆ ಗೋಡೆ ಬೂಷ್ಟು ಹಿಡಿದು ಒದ್ದೆಯಾಗಿತ್ತು. ಹಿರೇಹಳ್ಳಿಯಲ್ಲಿ ನನ್ನ ಮೊದಲ ಬೆಳಗು ಅದು.

ಹಾಗಲವಾಡಿಯಿಂದ ಹಿರೇಹಳ್ಳಿಗೆ ಬಂದದ್ದನ್ನು ವಲಸೆ ಅಂದರೆ ನೀವು ನಗಬಹುದು. ಒಂದೇ ಜಿಲ್ಲೆ. ಗುಬ್ಬಿಗೊಂದು ಬಸ್ಸು, ಅಲ್ಲಿಂದ ತುಮಕೂರಿಗೊಂದು, ಅಲ್ಲಿಂದ ಇಲ್ಲಿಗೊಂದು. ನಾನೂ ಬರುವಾಗ ಹಾಗೇ ಅಂದುಕೊಂಡಿದ್ದೆ. ಊರ ಹತ್ತಿರ ನಾನು ಪಾಠ ಹೇಳುತ್ತಿದ್ದ ಸಣ್ಣ ಖಾಸಗಿ ಶಾಲೆ ಮಕ್ಕಳಿಲ್ಲದೆ ಮುಚ್ಚಿತು. ಮೂವತ್ತೊಂದು ವಯಸ್ಸು, ಮದುವೆ ಬೇಡವೆಂದು ಕೂತವಳು. ಅಣ್ಣ ಅತ್ತಿಗೆ ತೋಟ, ರಾಗಿ ಹೊಲ ನೋಡಿಕೊಳ್ಳುತ್ತಿದ್ದರು. ನನಗೆ ನನ್ನದೇ ಕೆಲಸ ಬೇಕಿತ್ತು. ವಾಹನಗಳ ಬಿಡಿಭಾಗ ಮಾಡುವ ಒಂದು ರಬ್ಬರ್ ಕಾರ್ಖಾನೆಗೆ ಸೇರಿದೆ. ಬೆಳಿಗ್ಗೆ ಆರರ ಶಿಫ್ಟಿಗೆ ಊರಿಂದ ಬಸ್ಸಿಲ್ಲವಾದ್ದರಿಂದ ಈ ರೂಮು.

ರೂಮಿನಲ್ಲಿ ನನ್ನ ಜೊತೆ ಇಬ್ಬರು. ಕುಣಿಗಲ್ ಕಡೆಯ ಭಾಗ್ಯ, ಬಾಯಿ ಜೋರು, ಮನಸ್ಸು ಮೆದು. ಇನ್ನೊಬ್ಬಳು ಒಡಿಶಾದ ಮಿನತಿ. ಎರಡು ವರ್ಷದಿಂದ ಇಲ್ಲೇ ಇದ್ದಾಳೆ, ಕನ್ನಡವನ್ನು ತನಗೆ ಬೇಕಾದಷ್ಟು ಮಾತ್ರ ಕಲಿತಿದ್ದಾಳೆ. ಆ ಕೂದಲು ಅವಳದ್ದೇ.

ನಮ್ಮೂರಲ್ಲಿ ಸಗಣಿಯನ್ನು ಬರಿಗೈಲಿ ಬಾಚಿದವಳು ನಾನು. ದನದ ಗಂಜಲ, ಕೊಳೆತ ಎಳನೀರು ಬುರುಡೆ, ಮಳೆಗೆ ನೆನೆದ ಕೊಟ್ಟಿಗೆ, ಯಾವುದಕ್ಕೂ ಮೂಗು ಮುಚ್ಚಿದವಳಲ್ಲ. ಇಲ್ಲಿ ಬಂದ ಮೇಲೆ ಹೇಸಿಗೆ ಶುರುವಾಯಿತು. ಆರು ರೂಮಿಗೆ ಒಂದೇ ಬಚ್ಚಲು. ಅದರ ಜಾಲರಿಯ ಮೇಲೆ ಹತ್ತಾರು ತಲೆಗಳ ಕೂದಲು ಸೋಪಿನ ನೊರೆಯೊಂದಿಗೆ ಮುದ್ದೆಗಟ್ಟಿ ಕೂತಿರುತ್ತದೆ. ಯಾರೂ ತೆಗೆಯುವುದಿಲ್ಲ, ಎಲ್ಲರೂ ಅದರ ಸುತ್ತ ಕಾಲಿಟ್ಟು ಸ್ನಾನ ಮಾಡುತ್ತಾರೆ. ಒಣಗದ ಟವೆಲ್ಲುಗಳ ಕಮಟು ವಾಸನೆ ದಿಂಬಿನೊಳಗೂ ಇಳಿದಿರುತ್ತದೆ. ಇವೆಲ್ಲದರ ಮೇಲೆ ಕಾರ್ಖಾನೆಯ ವಾಸನೆ. ನನ್ನ ಕೆಲಸ ಫ್ಲ್ಯಾಶ್ ತೆಗೆಯುವುದು. ಫ್ಲ್ಯಾಶ್ ಅಂದರೆ ಅಚ್ಚಿನಿಂದ ಬಿಸಿಬಿಸಿ ಬಂದ ರಬ್ಬರ್ ಬಿಲ್ಲೆಯ ಅಂಚಿಗೆ ಉಳಿದಿರುವ ತೆಳು ಸಿಪ್ಪೆ. ಸಣ್ಣ ಬ್ಲೇಡಿನಿಂದ ಅದನ್ನು ಎಬ್ಬಿಸಿ ಕೀಳಬೇಕು. ಎಂಟು ಗಂಟೆ ಅದನ್ನೇ ಮಾಡಿ ಬಂದರೆ, ಅನ್ನ ಕಲಸಿದ ಬೆರಳಲ್ಲೂ ಸುಟ್ಟ ಟೈರಿನ ವಾಸನೆ. ಮಿನತಿ ರಾತ್ರಿಯ ಅನ್ನಕ್ಕೆ ನೀರು ಹಾಕಿ ಹುಳಿ ಬರಿಸಿ ಬೆಳಿಗ್ಗೆ ತಿನ್ನುತ್ತಾಳೆ. ಅವಳ ಮಾತಿನಲ್ಲಿ ಅದು ಪಖಾಳ. ನಮ್ಮಲ್ಲೂ ತಂಗಳನ್ನಕ್ಕೆ ಮಜ್ಜಿಗೆ ಹಾಕಿ ಉಣ್ಣುತ್ತೇವೆ, ವ್ಯತ್ಯಾಸ ಏನೂ ಇಲ್ಲ. ಆದರೂ ಮೊದಲ ತಿಂಗಳು ಅವಳ ಪಾತ್ರೆಯ ಮುಚ್ಚಳ ತೆರೆದರೆ ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಅವಳು ಗಮನಿಸುತ್ತಿದ್ದಳು.

ಎಲ್ಲಕ್ಕಿಂತ ಅಸಹ್ಯ ಆ ಅಲಾರಂ. ದಿನಾ ನಾಲ್ಕೂಮುಕ್ಕಾಲಿಗೆ ಮೂರು ಫೋನುಗಳ ಒಂದೇ ಕೂಗು, ಕತ್ತಲಲ್ಲಿ ಒಬ್ಬರ ಫೋನನ್ನು ಒಬ್ಬರು ತಡಕಾಡುವುದು. ಒಮ್ಮೆ ಒಬ್ಬರದನ್ನು ಒಬ್ಬರು ಆಫ್ ಮಾಡಿ, ತನ್ನದು ಹತ್ತು ನಿಮಿಷಕ್ಕೆ ಮತ್ತೆ ಕೂಗುತ್ತದೆಂದು ಮೂವರೂ ಮಲಗಿಬಿಟ್ಟೆವು. ಮೂವರಿಗೂ ಕಾರ್ಖಾನೆಯ ವ್ಯಾನು ತಪ್ಪಿತು.

"ಏನ್ಲೇ ಶಶಿ, ನಿಂದು ಬೇರೆ ಸೌಂಡ್ ಇಟ್ಕಳೇ," ಅಂದಳು ಭಾಗ್ಯ. "ನಿಮ್ಮಪ್ಪ ಹಾರ್ಮೋನಿಯಂ ನುಡಿಸ್ತಾರಂತಲ್ಲ, ಅದ್ನೇ ಹಾಕು. ನಾವೂ ಕೇಳನ."

ಅಪ್ಪ ನಮ್ಮ ಸುತ್ತಿನ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ಹಿಡಿಯುವವನು. ಜನ ಡ್ರಾಮಾ ಮೇಷ್ಟ್ರು ಅನ್ನುತ್ತಾರೆ. ರಾಗಿ ಬಿತ್ತುವವರು, ಟೆಂಪೋ ಓಡಿಸುವವರು, ಕಾಯಿ ಸುಲಿಯುವವರು ಅವನ ಹತ್ತಿರ ಹಾಡು ಕಲಿತು ಅರ್ಜುನ, ಭೀಮ ಆಗುತ್ತಾರೆ. ಪರದೆ ಏಳುವ ಮುಂಚೆ ನುಡಿಸಲೆಂದು ಅವನೇ ಬಿಲಹರಿ ರಾಗದಲ್ಲಿ ಒಂದು ಸಣ್ಣ ಸ್ವರ ಕಟ್ಟಿದ್ದಾನೆ. ಬೇರೆ ಯಾವ ಮೇಷ್ಟರ ಬಳಿಯೂ ಅದಿಲ್ಲ. ಅವನ ಬದುಕಿನಲ್ಲಿ ಪೂರ್ತಿ ಅವನದೇ ಅನ್ನುವಂಥದ್ದು ಅದೊಂದೇ ಇರಬೇಕು.

ಫೋನು ಮಾಡಿ ಕೇಳಿದೆ. ಅಪ್ಪನಿಗೆ ಹಿಡಿಸಲಾರದಷ್ಟು ಖುಷಿ. "ನನ್ ಮಗಳು ದಿನಾ ನನ್ ಸ್ವರ ಕೇಳ್ಕಂಡು ಏಳ್ತಾಳೆ ಅನ್ನು," ಅಂತ ಅಮ್ಮನಿಗೆ ಹೇಳಿದ್ದು ಇತ್ತ ಕೇಳಿಸಿತು. ನುಡಿಸಿದ, ಅಮ್ಮ ಫೋನು ಹಿಡಿದಳು, ವಾಟ್ಸಾಪಿನಲ್ಲಿ ಬಂತು. ಆದರೆ ಅಲಾರಂ ಪಟ್ಟಿಯಲ್ಲಿ ಅದು ಎಲ್ಲಿ ಹುಡುಕಿದರೂ ಇಲ್ಲ. ಗಡಿಯಾರದ ಗುರುತು ಒತ್ತಿದೆ, ಅಲಾರಂ ಸೌಂಡ್ ಒತ್ತಿದೆ, ಹಕ್ಕಿ, ಗಂಟೆ, ಸಮುದ್ರ ಎಲ್ಲ ಇವೆ, ಅಪ್ಪ ಇಲ್ಲ. ಭಾಗ್ಯ ಅರ್ಧ ಗಂಟೆ ಒದ್ದಾಡಿ ಕೈಬಿಟ್ಟಳು. ಕೊನೆಗೆ ಮಿನತಿ ಫೋನು ಇಸಕೊಂಡು, ಬಂದ ಆಡಿಯೋವನ್ನು ಫೋನಿನ ಮ್ಯೂಸಿಕ್ ಫೋಲ್ಡರಿಗೆ ಹಾಕಿ, ಪಟ್ಟಿಯ ತಲೆಯಲ್ಲಿದ್ದ ಕೂಡಿಸುವ ಗುರುತು ಒತ್ತಿ ಅಲ್ಲಿಂದ ಆರಿಸಿ ಕೊಟ್ಟಳು. "ಅಕ್ಕಾ, ಈಗ ನಾಳೆ ನಿಮ್ಮ ಅಪ್ಪ ಬರ್ತಾರೆ," ಅಂದಳು. ಈ ಊರಿಗೆ ಬಂದ ಮೇಲೆ ನಾನು ಬಾಯಿತುಂಬ ನಕ್ಕಿದ್ದು ಅವತ್ತೇ.

ಮೊದಲೆರಡು ವಾರ ನನ್ನದೇ ಸಿರಿತನ. ಬೂಷ್ಟು ಹಿಡಿದ ಗೋಡೆಗಳ ನಡುವೆ ಅಪ್ಪನ ಹಾರ್ಮೋನಿಯಂ. ಭಾಗ್ಯ ಹಲ್ಲುಜ್ಜುತ್ತಾ ಅದನ್ನೇ ಗುನುಗುತ್ತಿದ್ದಳು. ಪಕ್ಕದ ರೂಮಿನವರು ಯಾವ ಸಿನಿಮಾದ್ದು ಅಂತ ಕೇಳಿದರೆ, "ನಮ್ಮಪ್ಪಂದು" ಅನ್ನುತ್ತಿದ್ದೆ.

ಕೆಟ್ಟದ್ದು ಯಾವ ದಿನ ಅಂತ ಹೇಳಲಾರೆ. ಒಂದು ಬೆಳಿಗ್ಗೆ ಸ್ವರ ಶುರುವಾದ ಕೂಡಲೇ ಬಾಯಿಗೆ ಹುಳಿನೀರು ಬಂತು. ರಾತ್ರಿಯ ಸಾರು ಸರಿಯಿರಲಿಲ್ಲ ಅಂದುಕೊಂಡೆ. ಮಾರನೇ ದಿನವೂ ಅದೇ. ಆಮೇಲಾಮೇಲೆ ಅಲಾರಮ್ಮಿಗಿಂತ ಮುಂಚೆಯೇ ಎಚ್ಚರವಾಗತೊಡಗಿತು. ಅದು ಇನ್ನೇನು ಬಂತು ಅಂತ ಹೊಟ್ಟೆ ಬಿಗಿಹಿಡಿದು ಕಾಯುತ್ತಿದ್ದೆ. ಮೊದಲ ಸ್ವರ ಬಿದ್ದರೆ ಸಾಕು, ಬಚ್ಚಲ ಜಾಲರಿಯ ಕೂದಲು ಕಣ್ಣಿಗೆ ಕಟ್ಟುತ್ತಿತ್ತು, ಸುಟ್ಟ ರಬ್ಬರು ಮೂಗಿಗೆ ಬರುತ್ತಿತ್ತು. ಫೋನಿನ ಗಾಜಿನ ಮೇಲೆ ಬೆರಳಲ್ಲಿ ಗೀರಿ ಅದರ ಬಾಯಿ ಮುಚ್ಚಿಸುತ್ತಿದ್ದೆ. ಹತ್ತು ನಿಮಿಷಕ್ಕೆ ಮತ್ತೆ ಬರುತ್ತಿತ್ತು. ಅಪ್ಪ ಏನೂ ಅರಿಯದವನ ಹಾಗೆ ಮತ್ತೆ ಮೊದಲಿಂದ ಶುರುಮಾಡುತ್ತಿದ್ದ.

ಬದಲಾಯಿಸಬಹುದಿತ್ತು. ಎರಡು ಸಲ ಒತ್ತಿದರೆ ಮುಗಿಯುವ ಕೆಲಸ. ಆದರೆ ಪ್ರತಿ ಭಾನುವಾರ ಅಪ್ಪ ಫೋನಿನಲ್ಲಿ, "ಏಳ್ತಾ ಇದೀಯೇನವ್ವ ನನ್ ಸ್ವರಕ್ಕೆ?" ಅಂತ ಕೇಳುತ್ತಿದ್ದ. ಅದನ್ನು ತೆಗೆದು ಹಾಕುವುದು ಅವನ ಮುಖಕ್ಕೆ ಬಾಗಿಲು ಹಾಕಿದಂತೆ ಅನ್ನಿಸುತ್ತಿತ್ತು. ಇಟ್ಟುಕೊಂಡೆ, ದಿನಾ ಹೇಸಿಕೊಂಡೆ. ಒಂದು ದಿನ ಕೆಲಸದ ಟೇಬಲ್ಲಿನಲ್ಲಿ ಭಾಗ್ಯ ಬ್ಲೇಡು ಆಡಿಸುತ್ತಾ ಆ ಸ್ವರ ಗುನುಗಿದಳು. "ಬಾಯ್ ಮುಚ್ಚೇ!" ಅಂತ ಕಿರುಚಿದೆ. ಇಡೀ ಸಾಲು ತಿರುಗಿ ನೋಡಿತು. ಭಾಗ್ಯ ಎರಡು ದಿನ ಮಾತು ಬಿಟ್ಟಳು. ನನ್ನ ಬಗ್ಗೆ ನನಗೇ ವಾಕರಿಕೆ.

ಹೀಗಿರುವಾಗ ತುಮಕೂರಿನ ಒಂದು ಸಭಾಂಗಣದಲ್ಲಿ ನಮ್ಮ ಕಡೆಯವರ ನಾಟಕ ನಿಗದಿಯಾಯಿತು, ಭಾನುವಾರ ಮಧ್ಯಾಹ್ನ. ಅಪ್ಪನ ಅರವತ್ತೆಂಟು ವರ್ಷದಲ್ಲಿ ಪಟ್ಟಣದ ವೇದಿಕೆಯಲ್ಲಿ, ಮೈಕಿನ ಮುಂದೆ ನುಡಿಸುವುದು ಅದೇ ಮೊದಲು. "ನಿನ್ ರೂಮ್ನೋರ್ನೂ ಕರ್ಕಂಡು ಬಾ, ಮುಂದ್ಗಡೆ ಸಾಲಲ್ಲಿ ಕೂತ್ಕಳಿ," ಅಂದ. ಭಾಗ್ಯ ಸಿಟ್ಟು ಮರೆತು ಒಳ್ಳೆಯ ಸೀರೆ ಉಟ್ಟಳು. ಮಿನತಿ ಹೂವು ಮುಡಿದಳು. ಅಮ್ಮ ಊರಿಂದ ಮೇಳದವರ ವ್ಯಾನಿನಲ್ಲೇ ಬಂದಿದ್ದಳು. ನಾಲ್ವರೂ ಮುಂದಿನ ಸಾಲಿನಲ್ಲಿ ಕೂತೆವು. ಅಪ್ಪ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವೇದಿಕೆಯ ಪಕ್ಕದಲ್ಲಿ ಕೂತು, ನನ್ನನ್ನು ಹುಡುಕಿ ನೋಡಿ, ಹಾರ್ಮೋನಿಯಂನ ತಿದಿಗೆ ಕೈಹಾಕಿದ.

ಬಿಲಹರಿ ಸಭಾಂಗಣದ ಸ್ಪೀಕರುಗಳಿಂದ ನನ್ನ ಹೊಟ್ಟೆಯೊಳಕ್ಕೇ ಬಿತ್ತು. ಕೈ ತಾನಾಗಿ ಮಡಿಲಲ್ಲಿ ಫೋನು ತಡಕಿತು. ಗೀರಿ ನಿಲ್ಲಿಸಲು ಅಲ್ಲೇನೂ ಇರಲಿಲ್ಲ. ತಡೆದುಕೊಂಡೆ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡೆ. ಆಗಲಿಲ್ಲ. ಎದ್ದು, ಎಲ್ಲರ ಕಾಲು ತುಳಿಯುತ್ತಾ ಹೊರಗೆ ಓಡಿದೆ. ಹಿಂಬದಿಯ ನಲ್ಲಿಯ ಪಕ್ಕ ಬಗ್ಗಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಕಕ್ಕಿದೆ. ಹಿಂದೆಯೇ ಬಂದ ಮಿನತಿ ಹಣೆ ಹಿಡಿದುಕೊಂಡಳು, ಬೆನ್ನು ಸವರಿದಳು. ಒಳಗೆ ಸ್ವರ ಅರ್ಧಕ್ಕೇ ನಿಂತಿತು. ಆಮೇಲೆ ಪರದೆ ಎದ್ದ ಸದ್ದು.

ನಾಟಕ ಮುಗಿದ ಮೇಲೆ ಅಪ್ಪ ನಾನಿದ್ದ ಹಿಂಬದಿಗೆ ಬಂದ, ಹಿಂದೆಯೇ ಅಮ್ಮ. ಬಣ್ಣ ಒರೆಸಿಕೊಳ್ಳುತ್ತಿದ್ದ ಪಾತ್ರಧಾರಿಗಳು ಅವನಿಗೆ ದಾರಿಬಿಟ್ಟರು.

"ಶ್ರುತಿ ಎಲ್ಲಾದ್ರೂ ತಪ್ತೇನವ್ವ?" ಅಂದ. ನನಗೆ ಏನಾಯಿತು ಅಂತ ಕೇಳಲಿಲ್ಲ. ತನ್ನ ತಪ್ಪೇ ಇರಬೇಕೆಂದು ಅಷ್ಟು ಹೊತ್ತೂ ಕೂತು ನುಡಿಸಿದ್ದಾನೆ.

ಸೆಕೆ ಅನ್ನಬಹುದಿತ್ತು. ಅವನ ಮುಖ ನೋಡಿ ಸುಳ್ಳು ಬರಲಿಲ್ಲ.

"ನೀನು ಚೆನ್ನಾಗೇ ನುಡಿಸ್ದೆ ಅಪ್ಪ. ನಂಗೇ ಅದು ಆಗ್ತಿಲ್ಲ. ದಿನಾ ಅದು ಹೊಡ್ಕಂಡಾಗೆಲ್ಲ ಎದ್ದು ಆ ಬಚ್ಚಲಿಗೆ ಹೋಗ್ಬೇಕು, ಆ ರಬ್ಬರ್ ವಾಸನೆಗೆ ಹೋಗ್ಬೇಕು. ಈಗ ಅದ್ನ ಕೇಳಿದ್ರೆ ವಾಂತಿ ಬರುತ್ತೆ."

ಅಮ್ಮ, "ಏನ್ ಮಾತು ಅಂತ ಆಡ್ತೀಯೇ, ಬುಡು ಅತ್ಲಾಗೆ," ಅಂತ ಗದರಿದಳು. ಅಪ್ಪ ಅವಳನ್ನು ಕೈಸನ್ನೆಯಲ್ಲಿ ತಡೆದ. ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ಬಿಗಿಮಾಡಿದ.

"ಅದು ಕೇಳಿದ್ ತಕ್ಷಣ ಜನ ಓಡ್ಬಂದು ಚಾಪೆ ಹಾಸ್ಕಂಡು ಕೂತ್ಕಬೇಕು ಅಂತ ಕಟ್ಟಿದ್ದು ಕಣವ್ವ. ನೀನು ಅದ್ನ ಎದ್ದು ಓಡಕ್ಕೆ ಇಟ್ಕಂಡಿದೀಯ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ತೆಗ್ದಾಕು. ಇವತ್ತೇ ತೆಗ್ದಾಕು."

ರೂಮಿಗೆ ಬಂದು ತೆಗೆದು ಹಾಕಿದೆ. ಫೋನಿನದೇ ಇನ್ನೊಂದು ಸದ್ದು ಇಟ್ಟುಕೊಂಡೆ, ಯಾರದ್ದೂ ಅಲ್ಲದ ಒಂದು ಗಂಟೆ. ಅದನ್ನು ಎಷ್ಟು ಬೇಕಾದರೂ ದ್ವೇಷಿಸಬಹುದು, ಯಾರಿಗೂ ನೋವಿಲ್ಲ. ಒಂದು ಭಾನುವಾರ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಚ್ಚಲ ಜಾಲರಿಯನ್ನು ನಾನೇ ಕಿತ್ತು ತೊಳೆದೆ. ಓಕರಿಸುತ್ತಲೇ ತೊಳೆದೆ. ಮುಂದಿನ ವಾರ ಭಾಗ್ಯ, ಅದರ ಮುಂದಿನ ವಾರ ಪಕ್ಕದ ರೂಮಿನವಳು. ಮಿನತಿಯ ಪಖಾಳ ತಿಂದು ನೋಡಿದೆ. ಹಸಿಮೆಣಸಿನಕಾಯಿ ನಂಚಿಕೊಂಡರೆ ಸುಟ್ಟ ರಬ್ಬರು ನಾಲಿಗೆಯಿಂದ ಸ್ವಲ್ಪ ಹೊತ್ತು ದೂರ ಹೋಗುತ್ತದೆ. ಹೀಗೆ ಈ ಊರು ಒಂದೊಂದೇ ಮೂಲೆಯಲ್ಲಿ ನನ್ನ ಕೈಗೆ ಹತ್ತುತ್ತಿದೆ.

ಆದರೆ ನಮ್ಮೂರು ಒಂದು ಮೂಲೆಯಲ್ಲಿ ಕೈತಪ್ಪಿದೆ. ಹೋದ ಸಲ ರಜೆಗೆ ಹೋದಾಗ ಗುಬ್ಬಿಯ ಟೆಂಪೋ ಡ್ರೈವರ್ ಒಬ್ಬ ಹಾಡು ಕಲಿಯಲು ಮನೆಗೆ ಬಂದಿದ್ದ. "ಮೇಷ್ಟ್ರೇ, ಆ ಸುರೂಗೆ ನುಡಿಸ್ತೀರಲ್ಲ, ಅದರಿಂದ್ಲೇ ಹಿಡೀರಿ," ಅಂದ. ಅಪ್ಪ ಅಡುಗೆಮನೆಯ ಕಡೆ, ನಾನಿದ್ದ ಕಡೆ ನೋಡಿ, "ಅದು ಬ್ಯಾಡ, ಬೇರೆ ಹಿಡಿಯನ," ಅಂದ. ನಾನು ಇದ್ದ ಮೂರು ದಿನವೂ ನುಡಿಸಲಿಲ್ಲ. ನಾನೂ ನುಡಿಸೆಂದು ಕೇಳಲಿಲ್ಲ. ಕೇಳುವಷ್ಟು ಧೈರ್ಯ ಹೊಟ್ಟೆಗಿರಲಿಲ್ಲ.

ಮೊನ್ನೆ ಭಾನುವಾರ ಸಂಜೆ ಅಮ್ಮನ ಫೋನು ಬಂತು. ತೆಂಗಿನಕಾಯಿ ಕಿತ್ತದ್ದು, ಅತ್ತಿಗೆಯ ತವರು, ಏನೇನೋ ಹೇಳುತ್ತಿದ್ದಳು. ಅವಳ ಮಾತಿನ ಹಿಂದೆ, ಹಜಾರದಿಂದ, ಆ ಸ್ವರ. ನಾನು ಹೂಂಗುಡುವುದು ನಿಂತ ಕೂಡಲೇ ಅಮ್ಮನಿಗೂ ಗೊತ್ತಾಯಿತು.

"ನೀನ್ ಊರಿಗೆ ಬಂದಾಗ ಮುಟ್ಟಲ್ಲ ಕಣೇ. ನೀನಿಲ್ದಾಗ ದಿನಾ ನುಡಿಸ್ತಾರೆ. ನಿಲ್ಸಿ ಅನ್ಲಾ?"

ಬಾಯಿಯಲ್ಲಿ ಅದೇ ಹುಳಿನೀರು. ನುಂಗಿಕೊಂಡೆ.

"ಬ್ಯಾಡಮ್ಮ, ನುಡಿಸ್ಲಿ. ನಾನು ಕೇಳ್ತಿದೀನಿ ಅಂತ ಹೇಳ್ಬ್ಯಾಡ."

ಅಮ್ಮ ಫೋನನ್ನು ಅಲ್ಲೇ ಇಟ್ಟು ಒಳಗೆ ಹೋದಳು. ನಾನು ಮಹಡಿಯ ಮೆಟ್ಟಿಲ ಮೇಲೆ ಕೂತು, ಫೋನನ್ನು ಕಿವಿಯಿಂದ ಒಂದು ತೋಳಿನಷ್ಟು ದೂರ ಹಿಡಿದುಕೊಂಡೆ. ಹತ್ತಿರ ತರಲೂ ಆಗಲಿಲ್ಲ, ಕತ್ತರಿಸಲೂ ಆಗಲಿಲ್ಲ. ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.